ಐದನೇ ಸೀಮಿ

ಚೌಬಾರಾದ ನೆರಳು ಹನ್ನೊಂದಕ್ಕ
ನನ್ನ ಅಂಗಡಿ ಬಿಟ್ಟು ಹೋಗ್ತದ.
ಅದೇ ಹೊತ್ತಿಗಿ ಬಂದ್ರು ಸುಗಂಧಾ ಸಿಸ್ಟರ್.
ಮಿಷನ್ ದವಾಖಾನಿ ಬಿಟ್ಟು ಆರು ವರ್ಷಾದ್ರೂ
ಅಂಗೈಯಾಗ ಇನ್ನೂ ಡೆಟ್ಟಾಲಿನ ವಾಸನಿ,
ಕರವಸ್ತ್ರದಾಗ ಸುತ್ತಿದ್ದು ಒಂದು ಡಿಸ್ಕು.
"ವೈಜಿನಾಥ, ನೋಡಿದು. ಮನ್ಯಾಗ ನಡೀವಲ್ದು."

ಗೀರು ಇರಲಿಲ್ಲ. ಬಿಸಿಲಿಗಿ ಹಿಡಿದೆ,
ಪಾರಿವಾಳದ ಕುತ್ತಿಗಿ ಬಣ್ಣ ತಿರುಗಿತು.
ದೊಡ್ಡ ಕಂಪನಿ ಪ್ಲೇಯರು ಅದನ್ನ ನುಂಗಿ
ಎರಡು ಸಲ ಗೊರಗುಟ್ಟಿ
ನೀಲಿ ಪರದಾ ಮ್ಯಾಲ ಬರದು ತೋರಿಸಿತು:
ಈ ಸೀಮಿಯಾಗ ನಡಿಯಂಗಿಲ್ಲ.

"ಯಾವ ಸೀಮಿ?"
ಸಿನಿಮಾದವರು ಲೋಕ ಹಂಚ್ಕೊಂಡಾರ್ರೀ,
ಅಣ್ಣತಮ್ಮರು ಹೊಲಕ್ಕ ಬದು ಹಾಕಿದಂಗ.
ಅಮೆರಿಕಾಕ್ಕ ಒಂದು, ವಿಲಾಯತಿಗಿ ಎರಡು,
ನಾವು ಐದು. ನಮ್ಮ ಜೋಡಿ ರಷ್ಯಾ, ಮಂಗೋಲಿಯಾ,
ಮುಕ್ಕಾಲು ಆಫ್ರಿಕಾ, ಪಾಕಿಸ್ತಾನ ಸುದ್ದಾ.
"ಎಲ್ಲಾರೂ ಒಂದೇ ಓಣ್ಯಾಗ?"
ಹೌದ್ರೀ, ಒಂದೇ ನಳ.

ಹೈದರಾಬಾದಿಂದ ತಂದ ಪ್ಲೇಯರೊಂದು ಅದ ನನ್ನ ಹತ್ರ,
ಎಂಟುನೂರರದು, ಹೆಸರಿಲ್ಲದ್ದು,
ಓಣಿ ನಾಯಿಯಂಗ ಯಾರು ಹಾಕಿದ್ರೂ ತಿಂತದ.
ಅದರಾಗ ಇಟ್ಟೆ. ಡಿಸ್ಕು ಕೇಳಿತು: ಯಾವೂರು?
ಪ್ಲೇಯರಂತು: ಎಲ್ಲಾ ಊರೂ ನಮ್ಮವೇ.
ಡಿಸ್ಕು ಬಾಗಲಾ ಹಾಕ್ಕೊಂಡಿತು.
ಕೆಲವು ಹಂಗಿರ್ತಾವ. ಪರಸೀಮಿಯವ ಅಂದ್ರ ಬೈದು ಕಳಸ್ತಾವ,
ಎಲ್ಲಾ ಸೀಮಿಯವ ಅಂದವನ ಮಾರಿನೂ ನೋಡಂಗಿಲ್ಲ.

"ಡೋರಥಿ ಬಾಯಿ ಕಳಿಸ್ಯಾಳ," ಅಂದ್ರು ಸಿಸ್ಟರ್.
"ಇಪ್ಪತ್ತೆರಡು ವರ್ಷ ನಮ್ಮ ಹೆರಿಗಿ ವಾರ್ಡಿನ್ಯಾಗ.
ನೀನೂ ಅಕಿ ಕೈಯಾಗೇ ಬಿದ್ದವ. ಅಳಲೇ ಇಲ್ಲ ನೀ.
ತಲಿಕೆಳಗ ಹಿಡದು ಬಡದ್ಲು, ಆಗ ಹತ್ತಿದಿ."

ಉಳಿದದ್ದು ಕಂಪ್ಯೂಟರು. ಅದರ ಡ್ರೈವಿಗಿ
ಸೀಮಿ ಬದಲಿಸಲಿಕ್ಕ ಜನ್ಮಕ್ಕ ಐದೇ ಪರವಾನಗಿ.
ಜಿದ್ದಾದಿಂದ ಬಂದವರ ಪೆಟಗಿಗಿ ಎರಡು ಹೋಗಿದ್ದವು,
ಗುರುದ್ವಾರಕ್ಕ ಬಂದ ಕೆನಡಾದವರಿಗಿ ಎರಡು.
ಹೋಗೂದೊಂದು, ಹೊಳ್ಳಿ ಬರೂದೊಂದು.
ಪರದಾ ಮ್ಯಾಲ: ಉಳಿದದ್ದು ೧.
ಈ ಸಲ ಹೋದ್ರ ಹೊಳ್ಳಿ ಬರಂಗಿಲ್ರೀ, ಅಂದೆ.
ಸಿಸ್ಟರ್ ಮಾತಾಡಲಿಲ್ಲ. ಕರವಸ್ತ್ರ ಮಡಚಿದ್ರು.

ನನ್ನಜ್ಜ ಚಿಟಗುಪ್ಪಾದ ಕಟ್ಟಿ ಮ್ಯಾಲ ಕುಂತು
ತಂಬಾಕು ತಿಕ್ಕೋತ ಮೂರು ಸೀಮಿ ದಾಟಿದ.
ನಿಜಾಮನವ ಇದ್ದ, ಹೈದರಾಬಾದ ರಾಜ್ಯದವ ಆದ,
ಮೈಸೂರಿನವ ಆದ, ಕಡೀಕ ಕರ್ನಾಟಕದವ.
ಎದ್ದದ್ದು ಉಗುಳಲಿಕ್ಕಷ್ಟೇ.
ಪಹಣಿ ಉರ್ದುದಾಗ, ಸಾಲಿ ಮರಾಠಿದಾಗ,
ಬೈಗುಳ ಮಾತ್ರ ಕನ್ನಡದಾಗ.
ಇನ್ನೆಷ್ಟು ಉಳದಾವಂತ ಅವಗ ಯಾರೂ ತೋರಿಸಿರಲಿಲ್ಲ.

ಒತ್ತಿದೆ.

ಸಿನಿಮಾ ಶುರುವಾತು. ಸಿಸ್ಟರ್ ಕತಿ ನೋಡಲಿಲ್ಲ.
"ಓಡಿಸು. ಇನ್ನೂ ಓಡಿಸು.
ನಲವತ್ತೊಂದನೇ ನಿಮಿಷ ಅಂತ ಬರದಾಳ."
ಕಾರಿನ್ಯಾಗ ಒಬ್ಬ ಅಳಕೋತ ಹೊಂಟಿದ್ದ.
ಅವನ ಕಿವಿ ಹಿಂದ, ಕಿಡಕಿಯಾಗ,
ಹಿಮ ಬಿದ್ದ ಓಣಿ, ಬೋಳು ಗಿಡ, ಹಳದಿ ಬಾಗಲಾ.
"ನಿಂದ್ರಿಸು."
ನಿಂದ್ರಿಸಿದೆ.
"ಇದೇ ಅಂತ ಅಕಿ ಮನಿ.
ಶೂಟಿಂಗ್ ದಿನ ಒಳಗ ಚಹಾ ಕುಡ್ಕೋತ ಕುಂತಿದ್ಲಂತ."
ಬಾಗಲಾ ಮುಚ್ಚೇ ಇತ್ತು.
ಸಿಸ್ಟರ್ ಚಸ್ಮಾ ಒರಸ್ಕೊಂಡು ಮತ್ತ ನೋಡಿದ್ರು.
"ಬಣ್ಣ ಹಚ್ಚಬೇಕಾಗ್ಯದ," ಅಂದ್ರು.
ನಾನೂ ನೋಡಿದೆ. ಆ ಬಾಗಲದ ಹಿಂದ
ನನ್ನ ತಲಿಕೆಳಗ ಹಿಡದಿದ್ದ ಎರಡು ಕೈ, ಒಂದು ಕಪ್ಪು.

ಈಗ ಆ ಡ್ರೈವು ಕಾಯಂ ಅಮೆರಿಕಾದ್ದು.
ನಮ್ಮ ಮದಿವಿ ಡಿಸ್ಕಿಗಿ ತಂಟಿ ಮಾಡಂಗಿಲ್ಲ,
ಅವಕ್ಕ ಸೀಮೀನೇ ಬರದಿರಂಗಿಲ್ಲ.
ಕೊಂಡು ತಂದ ಸಿನಿಮಾ ಇಟ್ರ ಮಾತ್ರ ಹೊರಗ ದಬ್ಬತದ.

ಎಷ್ಟಾತು ಅಂದ್ರು. ಬಿಡ್ರಿ ಅಂದೆ.
ಬಿಡಲಿಲ್ಲ, ಇಪ್ಪತ್ತರ ನೋಟು ಮೌಸಿನ ಕೆಳಗ ಇಟ್ರು.
ಡಿಸ್ಕು ಕೊಡಲಿಕ್ಕ ಗುಂಡಿ ಒತ್ತಿದಾಗ
ನಾಲಗಿ ಚಾಚಿತು ಡ್ರೈವು.
ಸಿಸ್ಟರ್ ಬಾಗಿ ನೋಡಿದ್ರು, ರೂಢಿ,
"ಸ್ವಚ್ಛ ಅದ," ಅಂದು ಹೊಂಟ್ರು.