ಕೊನೆಗೆ ಮೂರು ಏಳು

ದುರ್ಗಿಗುಡಿ ತಿರುವಿನಲ್ಲಿ ಛತ್ರಿ ಕೆಳಗೆ ಕೂತ ಹುಡುಗ
ಹೆಬ್ಬೆಟ್ಟು ಒತ್ತಿಸಿಕೊಂಡು ಸಿಮ್ ಕೊಟ್ಟ.
"ಕೊನೆಗೆ ಮೂರು ಏಳು ಅಕ್ಕಾ, ಮರೆಯೋಕೇ ಆಗಲ್ಲ.
ಬೇರೆಯವರಿಗಾದ್ರೆ ಇನ್ನೂರು ಜಾಸ್ತಿ."
ಹೊಸದು ಅಂದ.
ನಾನೂ ಹೊಸದೇ ಅಂದುಕೊಂಡೆ.

ಮೂರನೇ ದಿನ ಮೊದಲ ಸುದ್ದಿ:
ಧರಣೇಂದ್ರಯ್ಯನವರೇ, ನಿಮ್ಮ ಸಿಲಿಂಡರ್ ಹೊರಟಿದೆ.
ಆಮೇಲೆ ಬಿಡುವೇ ಇಲ್ಲ.
ಲ್ಯಾಬಿನವರು ಸಕ್ಕರೆ ಇನ್ನೂರ ನಲವತ್ತು ಅಂದರು,
ಬ್ಯಾಂಕು ಸಾವಿರದ ಮುನ್ನೂರು ಉಳಿದಿದೆ ಅಂತು,
ಚೀಟಿ ನಡೆಸುವ ಲಿಲ್ಲಿ ಟೀಚರ್
"ಎರಡು ಕಂತು ನುಂಗಿ ಸುಮ್ಮನೆ ಕೂತಿದ್ದೀರಲ್ಲ" ಅಂತ ಬೈದರು.
ಬೈಸಿಕೊಂಡೆ.
ಕಾಣದ ಆ ಮನುಷ್ಯನ ಪರವಾಗಿ ಚೂರು ನಾಚಿಕೆಯೂ ಆಯಿತು.

ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ.
ಗಾಜು ಒರೆಸುವುದು, ಫ್ರೇಮಿನ ತಿರುಪು ಬಿಗಿಯುವುದು,
ದಪ್ಪ ಪುಸ್ತಕದಲ್ಲಿ ಹೆಸರು, ಪವರು, ನಂಬರು ಬರೆಯುವುದು.
ಯಾಕೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.
ವಯಸ್ಸು ಹೇಳಲು ಎಡವುವವರೂ
ನಂಬರನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ.
ನಾನು ತಿರುಗಿ ಓದುತ್ತೇನೆ, ಅವರು ತಲೆಯಾಡಿಸುತ್ತಾರೆ,
ಬೆಂಚಿನ ಮೇಲೆ ಕಾಯುತ್ತಿರುವವರೆಲ್ಲ ಕೇಳಿಸಿಕೊಳ್ಳುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು.
ಬೆರಳಿಗೆ ಬೇಸರ.
ನಂಬರ್ ಸಾಕು ಅಂತು ಪರದೆ. ಕೊಟ್ಟೆ.
ಪಾಸ್‌ವರ್ಡ್ ಮರೆತಿರಾ ಅಂತು. ಹೂಂ ಅಂದೆ.
ಗೊತ್ತೇ ಇಲ್ಲದ್ದನ್ನು ಮರೆಯುವುದು ಎಷ್ಟು ಸುಲಭ!
ಆರು ಅಂಕೆ ಬಂದವು,
ಯಾರಿಗೂ ಹೇಳಬೇಡಿ ಎಂಬ ಬುದ್ಧಿಮಾತಿನ ಜೊತೆ.
ಯಾರಿಗೂ ಹೇಳಲಿಲ್ಲ. ಒತ್ತಿದೆ.

ಸ್ವಾಗತ, ಧರಣೇಂದ್ರಯ್ಯ.

ಒಳಗೆ ಫೋಟೊಗಳು.
ಡಾಕ್ಟರಿಗೆ ತೋರಿಸಲು ತೆಗೆದ ತನ್ನದೇ ನಾಲಗೆ.
ಗೋಡೆಯ ಬಿರುಕೊಂದರ ಮೇಲೆ ತಿಂಗಳಿಗೊಂದು ಪೆನ್ಸಿಲ್ ಗೆರೆ,
ಪಕ್ಕದಲ್ಲಿ ತಾರೀಖು, ಗುಂಡಗಿನ ಅಕ್ಷರ.
ಬಿರುಕು ಬೆಳೆಯುತ್ತಿತ್ತು.
ಕಳಿಸದೆ ಉಳಿದ ಓಲೆ:
"ಲಿಲ್ಲಿ ಟೀಚರ್ ಅವರಿಗೆ, ಮುಂದಿನ ತಿಂಗಳು ಖಂಡಿತ."
ಐದು ಸಲ ಬರೆದು ಐದು ಸಲ ನಿಲ್ಲಿಸಿದ್ದು.

ಚಪ್ಪಲಿ ಮೆಟ್ಟಿಕೊಂಡೇ ಯಾರದೋ ನಡುಮನೆಗೆ ನುಗ್ಗಿದ್ದೆ.
ಹಿಂದಕ್ಕೆ ಹೆಜ್ಜೆಯಿಟ್ಟು ಬಂದೆ.
ಚಿಲಕ ಹಾಕೋಣವೆಂದರೆ
ಆ ಬಾಗಿಲಿಗೆ ಚಿಲಕವೇ ಇರಲಿಲ್ಲ,
ನಾನೇ ಚಿಲಕ.

ರಾತ್ರಿ ನಿದ್ದೆ ಬರಲಿಲ್ಲ.
ಹೋದ ವರ್ಷ ತುಂಗೆಯ ಸೇತುವೆ ಮೇಲೆ ನಿಂತು
ಹಳೆಯ ಸಿಮ್ ಎಸೆದಿದ್ದೆ,
ರಾತ್ರಿಗೆ ಮೂವತ್ತು ಸಲ ಫೋನ್ ಮಾಡುವ ಒಬ್ಬನಿಂದ
ತಪ್ಪಿಸಿಕೊಳ್ಳಲು.
ಉಗುರಿನಷ್ಟು ಚೂರು, ಸದ್ದೂ ಆಗಲಿಲ್ಲ.
ಮುಳುಗಿದ್ದು ಚೂರು.
ನಂಬರು ಮುಳುಗುತ್ತದೆಯೇ?

ಎಲ್ಲೆಲ್ಲಿ ಬದಲಿಸಿದ್ದೆ? ಬ್ಯಾಂಕಿನಲ್ಲಿ, ಹೌದು.
ಪಿಎಫ್‌ನಲ್ಲಿ? ಮೇಲ್‌ನಲ್ಲಿ? ಬಟ್ಟೆ ತರಿಸುವ ಆ್ಯಪಿನಲ್ಲಿ?
ಅದರಲ್ಲಿ ವಿಳಾಸವಿದೆ, ಈಗಿನ ಬಾಡಿಗೆ ಮನೆಯದು,
ಎರಡನೇ ಅಡ್ಡರಸ್ತೆ, ನೀಲಿ ಗೇಟು, ಮಹಡಿ ಮೇಲೆ.
ಎಣಿಸಲು ಒಂದು ಕೈ ಸಾಲಲಿಲ್ಲ.

ಬೆಳಗಾಗುವುದನ್ನೇ ಕಾದು ಹಳೆಯ ನಂಬರಿಗೆ ಒತ್ತಿದೆ.
ಎರಡೇ ರಿಂಗು. ಹೆಂಗಸಿನ ದನಿ, ಹಿಂದೆ ಕುಕ್ಕರ್ ಸೀಟಿ.
ತಪ್ಪಾಯ್ತು, ಇದು ಮೊದಲು ನನ್ನ...
"ಓ, ಪ್ರಫುಲ್ಲಾ ಅಂದ್ರೆ ನೀವೇನಾ?"
ತವರಿನ ನೆಂಟರ ಹಾಗೆ ನಕ್ಕಳು.
"ನಿಮ್ಮ ಮೆಸೇಜು ಬರ್ತಾನೇ ಇರ್ತವೆ ಮಾರಾಯ್ರೆ.
ರಿಪ್ಪನ್‌ಪೇಟೆಯಿಂದ ಒಬ್ಬರು ದಿನಾ ಕೇಳ್ತಾರೆ,
ಎಲ್ಲಿದ್ದಾಳೆ, ಹೊಸ ನಂಬರ್ ಏನು ಅಂತ.
ಪಾಪ, ಅಳ್ತಾರೆ ಕೂಡ.
ಇನ್ನು ಹೇಳಬಹುದಲ್ವಾ?"

ಬೇಡ ಅಂದೆ. ಕೇಳಿಸಿತೋ ಇಲ್ಲವೋ,
ಕುಕ್ಕರ್ ಮತ್ತೆ ಕೂಗಿತು, ಕಾಲ್ ಕಟ್ಟಾಯಿತು.

ಅವಳ ಪರದೆಯ ಮೇಲೆ ಈಗ ನಾನಿದ್ದೇನೆ,
ಕೊನೆಗೆ ಮೂರು ಏಳು.
ಮರೆಯೋಕೇ ಆಗಲ್ಲ.