ಒಂದೆಳೆ ಹತ್ತಿ

ಆದೋನಿ ಮಾರ್ಕೆಟ್ ಯಾರ್ಡಿನ ಎರಡನೇ ಗೇಟಿಗೆ ಎದುರು
ನನ್ನ ಅಂಗಡಿ. ಒಂದು ಟೇಬಲ್ಲು, ಒಂದು ಭೂತಗನ್ನಡಿ,
ಉಗ್ಗಾಣಿ ಮಾರೋ ಕಾಶಿಂಬಿಯ ಗೋಡೆಗೆ ಆತುಕೊಂಡ ತಗಡು.

ಚಾರ್ಜ್ ಏರವಲ್ದು ಅಂತ ಬಂದವರ ಫೋನಿಗೆ
ನಾನು ಮೊದಲು ಹಿಡಿಯೋದು ಬೇವಿನ ಕಡ್ಡಿ.
ಕಬ್ಬಿಣ ಕೂಡದು, ಒಳಗಿನ ಪಿನ್ನು ಸುಟ್ಟುಹೋಗ್ತಾವ.
ಬಹಳಷ್ಟಕ್ಕ ರೋಗನೇ ಇರೋದಿಲ್ಲ,
ತೂತಿನಾಗ ಹತ್ತಿ ಕೂತಿರ್ತೈತಿ,
ಬೆವರಿಗೆ ಗಟ್ಟಿಯಾಗಿ, ಇಲಿಮರಿ ಬಾಲದಂಗ ಹೊರಗ ಬರ್ತೈತಿ.
ಅವರು ನಗ್ತಾರ. ನಾನು ಹತ್ತು ರೂಪಾಯಿ ಇಸ್ಕೊಳ್ತೀನಿ.

ಉರುಕುಂದಪ್ಪಂದು ಹಂಗಲ್ಲ.
ಅವನ ಫೋನಿನ ಬೆನ್ನು ಪೂರಿಯಂಗ ಉಬ್ಬಿತ್ತು,
ಸೀಳಿದ ಮುಚ್ಚಳಕ್ಕ ಎರಡು ಸುತ್ತು ರಬ್ಬರ್ ಬ್ಯಾಂಡು.
"ಚುಚ್ಚಿ ಗಾಳಿ ತಗಿ ಹುಲಿಗೆಮ್ಮ," ಅಂದ,
"ಎಮ್ಮಿ ಹೊಟ್ಟಿ ಉಬ್ಬಿದಾಗ ಡಾಕ್ಟರ್ ಮಾಡ್ತಾನಲ್ಲ, ಹಂಗ."
ಅದರಾಗ ಬೆಂಕಿ ಐತಪ್ಪೋ, ಅಂದೆ,
ನೀನು ಮಲಗೋದು ಹತ್ತಿ ಅಂಡಿಗಿ ಮ್ಯಾಲೆ.

ರಾತ್ರಿ ಎಲ್ಲಿಡ್ತಿ? ತಲಿದಿಂಬಿನ ಕೆಳಗ.
ಚಾರ್ಜು? ಮಲಗುವಾಗ ಹಾಕಿದ್ದು, ಎದ್ದಾಗ ತಗಿಯೋದು.
ಹಗಲು? ಲಾರಿ ಬಾನೆಟ್ಟಿನ ಮ್ಯಾಲೆ, ಕೈಗೆ ಸಿಗಬೇಕಲ್ಲ.
ಒಮ್ಮೆರ ಆಫ್ ಮಾಡೀಯೇನು?
ತಲೆ ಕೆರಕೊಂಡ.
ಗುಂಟೂರಿನ ಲಾರಿ ಎರಡಕ್ಕ ಬಂದ್ರೂ ಬಂತು;
ಮೊದಲನೇ ರಿಂಗಿಗೆ ಎತ್ತಿದವರಿಗೇ ಮೇಸ್ತ್ರಿ ಕೆಲಸ ಕೊಡೋದು.

ಕಲ್ತದ್ದನ್ನ ಹೇಳಿದೆ.
ಇಪ್ಪತ್ತಕ್ಕಿಂತ ಕೆಳಗ ಇಳಿಸಬ್ಯಾಡ,
ಎಂಬತ್ತಾದ್ರ ಸಾಕು, ಕಿತ್ತುಬಿಡು.
ಉಪವಾಸ ಕೆಡವಿದ್ರೂ ಸಾಯ್ತೈತಿ,
ದಿನಾ ಹೊಟ್ಟಿ ಬಿರಿಯ ತಿನ್ನಿಸಿದ್ರೂ ಸಾಯ್ತೈತಿ.
ನೆರಳಾಗ ಇಡು. ಮೈ ಕಾದಾಗ ಕೆಲಸ ಹಚ್ಚಬ್ಯಾಡ,
ಆರಲಿ, ಸುಮ್ಮನ ಬಿಡು.
ಇಷ್ಟು ನೋಡಿಕೊಂಡ್ರ ಮೂರು ವರ್ಷಕ್ಕ ಮೋಸಿಲ್ಲ.

ಎಲ್ಲಾ ಕೇಳಿದ. ಕೇಳುತ್ತಾ ಮೊಣಕಾಲು ಒತ್ತಿಕೊಂಡ.
"ಇದನ್ನೇ ನಮ್ಮ ಮೇಸ್ತ್ರಿಗೆ ಹೇಳ್ತೀಯೇನವ್ವ,
ತೆಲುಗಿನಾಗ?"

ಹೊಸ ಬ್ಯಾಟರಿ ನಾನೂರ ಐವತ್ತು.
ಇನ್ನೂರು ಕೊಟ್ಟ, ಉಳಿದದ್ದು ಶನಿವಾರ.
ಉಬ್ಬಿದ್ದನ್ನ ಮರಳಿನ ಡಬ್ಬಿಯಾಗ ಮಲಗಿಸಿ
ಫೋನು ಚಾರ್ಜಿಗೆ ಹಾಕಿದೆ.
ಬೆಂಚಿನ ಮ್ಯಾಲೆ ಕೂತವನು ಕೂತಲ್ಲೇ ವಾಲಿದ,
ಬಾಯಿ ತೆರೆದು, ಟವೆಲು ನೆಲಕ್ಕ ಬಿದ್ದು.

ಎಪ್ಪತ್ತೊಂಬತ್ತು. ಎಂಬತ್ತು. ಕಿತ್ತೆ.
ಕೀಳೋದಕ್ಕೂ ಅದು ಬಡಕೊಳ್ಳೋದಕ್ಕೂ ಸರಿಹೋಯ್ತು:
ಹೆಸರಿಲ್ಲ, ಲಾರಿ ಚಿತ್ರ ಅಷ್ಟೇ. ಅವನಿಗೆ ಓದು ಬರೋದಿಲ್ಲ.

ಮೊದಲನೇ ರಿಂಗು ನಾನು ಕೈಯಾಗ ಹಿಡಕೊಂಡು ಕೂತೆ.
ಎರಡನೇದಕ್ಕ ಭುಜ ಅಲುಗಿಸಿದೆ.
ಬಗ್ಗಿದಾಗ ಕಂಡಿತು,
ಅವನ ಕಿವಿಯ ತೂತಿನಾಗೂ ಒಂದೆಳೆ.