ತಗಡಿನ ಗುಡುಗು

ಮೂವತ್ತೊಂದು ವರ್ಷ ಗುಡುಗು ಮಾಡೀನಿ ನಾನು.
ಮೊದಲ ಕಂಪನಿ ನಾಟಕದಾಗ, ಆಮ್ಯಾಲ ಹವ್ಯಾಸಿಗಳ ಹತ್ರ,
ಬಲಗಡೆ ಸೈಡ್‌ವಿಂಗಿನ ಕತ್ತಲದಾಗ
ಎರಡು ಹಗ್ಗಕ್ಕ ಜೋತುಬಿಟ್ಟ ತಗಡು.
ಮುಳಗುಂದ ನಾಕಾದ ಹತ್ರ ಜಿನ್ನಿಂಗ್ ಮಿಲ್ಲು ಕೆಡವಿದಾಗ
ತೂಕಕ್ಕ ಕೊಂಡು ತಂದದ್ದು.
ತುದಿ ಹಿಡದು ಝಾಡಿಸಿದ್ರ
ಹಿಂದಿನ ಬೆಂಚಿನ್ಯಾಗ ತೂಕಡಿಸಾವ್ರು ಎದ್ದು ಕೂಡ್ತಿದ್ರು.

ಈ ಸಲ ಬೆಟಗೇರಿಯಿಂದ ಒಂದು ಹುಡುಗಿ ಬಂದ್ಲು, ಅಂಬುಜಾ ಮೇರವಾಡೆ.
ಮಗ್ಗದ ಮನಿಯಾಕಿ. ಹುಟ್ಟಿದಾಗಿಂದ ಖಟ್‌ಖಟ ಕೇಳಿ ಬೆಳದಾಕಿ,
ಅದು ಆಕಿಗೆ ಏನೂ ಅಲ್ಲ.
ಟ್ಯೂಬ್‌ಲೈಟು ಗುಂಯ್ ಅಂದ್ರ ಮಾತ್ರ
ಕುತ್ತಿಗಿ ಮ್ಯಾಲ ಇರುವಿ ಹರದಂಗ ಮಾಡ್ತಾಳ.
ಮಾರಿ ನೋಡಿ ಮಾತಾಡೂದಿಲ್ಲ. ನೀವು ಅಂದದ್ದನ್ನ
ನಿಮಗ ತಿರುಗಿ ಕೊಡ್ತಾಳ, ಚಿಲ್ಲರ ಎಣಿಸಿ ಕೊಟ್ಟಂಗ.
ಆಕಿಗೆ ದೂತನ ಪಾತ್ರ. ಒಂದ ಮಾತು:
"ಪ್ರಭು, ಬಿರುಗಾಳಿ ಕೋಟೆಯ ಬಾಗಿಲಿಗೆ ಬಂದಿದೆ."

ಮೊದಲ ತಾಲೀಮು. ನಾ ಝಾಡಿಸಿದೆ.
ಅರ್ಧ ತಾಸು ಹುಡುಕಿದ ಮ್ಯಾಲ ಸಿಕ್ಕಳು, ಕಿರೀಟದ ಟ್ರಂಕಿನ ಹಿಂದ,
ಕಿವಿಗೆ ಎರಡೂ ಕೈ ಒತ್ತಿ ತೂಗಾಡಕೋತ,
"ಗದಗ ಹೊಸಪ್ಯಾಟಿ ಗದಗ ಹೊಸಪ್ಯಾಟಿ"
ಬಸ್‌ಸ್ಟ್ಯಾಂಡಿನ ಕಂಡಕ್ಟರನ ದನಿಯೊಳಗ.
ಕೌಸರ್ ಮೇಡಂ ನನ್ನ ಕಡೆ ತಿರುಗಿ ಅಂದ್ರು:
"ಫಕೀರಪ್ಪ, ತಗಡು ಬ್ಯಾಡ."

ಬ್ಯಾಡ?
ಒಂದು ಹುಡುಗಿ ಸಲುವಾಗಿ ಮುಗಲಿನ ಬಾಯಿಗೆ ಅರಿವಿ ತುರುಕೂದ?
ಚಾದಂಗಡ್ಯಾಗ ಕುಂತು ಬೈದೆ. ಗಿರಮಿಟ್ ಮೆತ್ತಗಾಗೂತನಕ ಬೈದೆ.
ಮರುದಿನ ಹೋದದ್ದು ತಗಡು ಬಿಚ್ಚಿಕೊಂಡು ಬರಾಕ.

ಆಕಿ ಅದರ ಮುಂದ ಕುಂತಿದ್ಲು.
ಬೆರಳಿಲೆ ಒಂದೊಂದ ನಗ್ಗು ಮುಟ್ಟತಿದ್ಲು.
"ಎರಡನೂರಾ ಹದಿನಾಕು" ಅಂದ್ಲು, ನನಗಲ್ಲ, ತಗಡಿಗೆ.
ಇಷ್ಟು ವರ್ಷದಾಗ ನಾ ಒಮ್ಮೆನೂ ಎಣಿಸಿದ್ದಿಲ್ಲ.
ಎದ್ದು ಗಲ್ಲ ಹಚ್ಚಿ ನಿಂತ್ಲು. ನಾ ತುದಿ ಹಿಡದು
ತೊಟ್ಟಿಲ ತೂಗಿದಂಗ, ಸಪ್ಪಳಾಗದಂಗ ಬಾಗಿಸಿದೆ.
ಕಿಡಕಿ ಬಿಸಿಲು ತಗಡಿನಿಂದ ಗ್ವಾಡಿಗೆ ಹಾರಿ
ಭೀಷ್ಮ ಕೆರಿ ನೀರಿನಂಗ ಕುಣೀತು.
ನಕ್ಕಳು. ಅದು ನಗುವೋ ಏನೋ,
ನಕ್ಕಳು ಅಂತ ನಾ ತಿಳಕೊಂಡೆ.

ಪ್ರಯೋಗದ ರಾತ್ರಿ ಚಪ್ಪಾಳಿ ಬ್ಯಾಡ ಅಂತ ಚೀಟಿ ಹಂಚಿದ್ರು.
ಮುನ್ಸಿಪಾಲ್ಟಿ ಮೆಂಬರ್ ಮರತು ಎರಡು ಬಡದ, ಹೆಂಡ್ತಿ ಕೈ ಹಿಡದ್ಲು.
ಬಾಗಿಲಾ ತೆರದ ಇಟ್ಟಿದ್ರು, ಸಾಕು ಅನಿಸಿದಾವ್ರು
ಎದ್ದು ಹೋಗಬಹುದು, ಬೇಕನಿಸಿದ್ರ ತಿರುಗಿ ಬರಬಹುದು.
ಸಪ್ಪಳಿಲ್ಲದ ಗುಡುಗನ್ನ ತೋರಸಬೇಕಲ್ಲ,
ನನ್ನ ರಂಗದ ನಡುವ ನಿಲ್ಲಿಸಿದ್ರು, ತಗಡಿನ ಕೂಡ, ಬೆಳಕಿನ್ಯಾಗ.
ನನ್ನ ಮಾಸಿದ ಪಾಯಜಾಮಾ, ಹರಕ ಚಪ್ಪಲಿ, ಊರೆಲ್ಲಾ ನೋಡತಿತ್ತು.
ಬಾಗಿಸಿದೆ. ಛತ್ತಿನ ತುಂಬ ಮಿಂಚು ಹರದಾಡಿತು.
ದೂತ ಬಂದ್ಲು. ಮಂದಿಗೆ ಬೆನ್ನು ಹಾಕಿ ತಗಡಿಗೆ ಹೇಳಿದ್ಲು:
ಪ್ರಭು, ಬಿರುಗಾಳಿ ಕೋಟೆಯ ಬಾಗಿಲಿಗೆ ಬಂದಿದೆ.
ಮತ್ತ ಹೇಳಿದ್ಲು.
ಮತ್ತ.
ರಾಜ, ಅಂಚೆ ಕಚೇರ್ಯಾಗ ಸಾರ್ಟಿಂಗ್ ಮಾಡೂ ಲಕ್ಕುಂಡಿ ಹುಡುಗ,
ಮೂರೂ ಸಲ ಉತ್ತರ ಕೊಟ್ಟ:
ಒಮ್ಮೆ ಸೊಕ್ಕಿಲೆ, ಒಮ್ಮೆ ಅಂಜಿಕೋತ,
ಕಡೀಕ ಬರೇ "ಬರಲಿ" ಅಂದ.

ಸಾಲಿಯೊಳಗ ನನ್ನ ಮಬ್ಬ ಅಂತಿದ್ರು.
ಮಾರಿ ನೋಡಿ ಮಾತಾಡಾಕ ಬರತಿದ್ದಿಲ್ಲ ನನಗ, ಈಗೂ ಬರೂದಿಲ್ಲ.
ಅಪ್ಪ ಕಂಪನಿ ಮಾಲಕರ ಕಾಲು ಹಿಡದು ಅಂದಿದ್ದ:
"ಎಲ್ಲೆರ ಒಂದು ಮೂಲ್ಯಾಗ ನಿಲ್ಲಿಸ್ರಿ, ಯಾರಿಗೂ ಕಾಣದಂಗ."
ಗುಡುಗು ನಾ ಆರಿಸಿಕೊಂಡದ್ದಲ್ಲ.

ಮಂದಿ ಕೈ ಎತ್ತಿ ಬೀಸತಿದ್ರು,
ಒಣಹಾಕಿದ ನೂಲಿನ ಲಡಿ ಗಾಳಿಗೆ ಆಡಿದಂಗ.
ನನಗ ಎತ್ತಾಗ ನೋಡಬೇಕೋ ತಿಳೀಲಿಲ್ಲ.
ಅಂಬುಜಾನೂ ನೋಡತಿದ್ದಿಲ್ಲ.
ಇಬ್ಬರೂ ತಗಡು ನೋಡಿಕೋತ ನಿಂತ್ವಿ.
"ಎರಡನೂರಾ ಹದಿನೈದು" ಅಂದ್ಲು.
ಹೊಸಾದು ಯಾವಾಗ ಬಿತ್ತೋ.